ಅಪ್ಪನ ಎಡಗಾಲು

ಕಾಗದನಗರದಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ಅಕ್ಕ ತಮ್ಮ ಕೂರಲಾರದೆ ಕೂತಿದ್ದರು. ತಮ್ಮ ಆಗಷ್ಟೇ ಆಸ್ಪತ್ರೆಯ ಡಾಕ್ಟರ ಜೊತೆ ಫೋನಿನಲ್ಲಿ ಮಾತು ಮುಗಿಸಿದ್ದ.

“ಏನಂತೋ ಧರ್ಮೇಂದ್ರ?”

“ಸ್ಕ್ಯಾನಿಂಗ್ ಆಯ್ತಂತೆ. ಅಪ್ಪನ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ಯಂತೆ.”

“ಬಂದಿದ್ದು ಫ್ಲೂ ಜ್ವರ ಕಣೋ. ಅದೂ ಇಳಿದಿತ್ತು.”

“ಫ್ಲೂ ಬಂದು ಹತ್ತು ದಿನ ಮಲಗಿದಲ್ಲೇ ಮಲಗಿದ್ರೆ ಹಿಂಗೂ ಆಗುತ್ತಂತೆ. ಕಾಲಲ್ಲಿ ಹೆಪ್ಪಾಗಿದ್ದು ಮೇಲಕ್ಕೆ ಹೋಗಿರಬೇಕು ಅಂದ್ರು. ಮೀನಖಂಡ ಊದಿತ್ತಾ ಅಂತ ಕೇಳಿದ್ರು. ಇಲ್ಲ ಅಂದೆ.”

ಅಕ್ಕ ಕಿಟಕಿಯ ಗಾಜು ಸರಿಸಿದಳು, ಮತ್ತೆ ಮುಚ್ಚಿದಳು.

“ಊದಿತ್ತು. ಎಡಗಾಲು.”

“ಯಾವಾಗಿಂದ?”

“ನಾಲ್ಕು ದಿನ ಆಯ್ತು. ಜ್ವರದ ಮೈಕೈ ನೋವು ಅಂದ್ಕೊಂಡು ದಿನಾ ಬಿಸಿ ಎಣ್ಣೆ ಹಾಕಿ ತಿಕ್ಕಿದೆ. ಹಾಯ್ ಅನ್ಸುತ್ತೆ, ಇನ್ನೂ ಜೋರಾಗಿ ತಿಕ್ಕು ಅಂತಿದ್ರು ಅಪ್ಪ.”

“ಊದಿದ ಕಾಲನ್ನ ತಿಕ್ಕಲೇಬಾರದಂತೆ ಮಾರಾಯ್ತಿ! ಹೆಪ್ಪು ಕಿತ್ಕೊಂಡು ಹೋಗುತ್ತಂತೆ.”

“ನಂಗೇನೋ ಗೊತ್ತಿತ್ತು?”

“ಅಮ್ಮನಿಗೆ ಫೋನ್ ಹಾಕು. ಈಗಲೇ ಡಾಕ್ಟ್ರಿಗೆ ಹೇಳ್ಲಿ.”

ಬಸ್ಸಿನ ಗದ್ದಲಕ್ಕೆ ಅವಳು ಸ್ಪೀಕರ್ ಹಾಕಿದಳು.

“ಅಮ್ಮಾ, ಅಪ್ಪ ಹೆಂಗಿದಾರೆ?”

“ಈಗ ಸ್ವಲ್ಪ ಕಣ್ಣು ಮುಚ್ಚಿದಾರೆ. ಕಾಲು ನೋವು ಅಂದ್ರು, ಒತ್ತುತಾ ಕೂತಿದೀನಿ. ಎಣ್ಣೆ ತರ್ತಿದೀಯಲ್ಲ?”

“ಕೈ ತೆಗಿಯಮ್ಮ! ಮೊದಲು ಕಾಲಿಂದ ಕೈ ತೆಗಿ!”

ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಬ್ಬರೂ ಇಳಿದರು. ರಸ್ತೆ ದಾಟುವವರೆಗೂ ಅವಳ ದನಿ ಕೇಳುತ್ತಲೇ ಇತ್ತು.

“ತೆಗೆದ್ಯಾ ಅಮ್ಮ? ತೆಗೆದ್ಯಾ?”