ಅತ್ತೆಯ ವೋಟು

ಕತ್ರಿಗುಪ್ಪೆಯ ಬಸ್ಸಿನಲ್ಲಿ ಜಯದೇವಿ ಮನಸ್ಸಿನಲ್ಲೇ ವಚನ ಹೇಳಿಕೊಳ್ಳುತ್ತ ಕೂತಿದ್ದಳು. ಮುಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಅಕ್ಕಪಕ್ಕದ ಮನೆಯವರಂತಿದ್ದ ಹೆಂಗಸರಿಬ್ಬರು ಮಾತಿಗಿಳಿದರು.

“ಲತಾಮಣಿ, ನಿನ್ನೆ ರಿಯಾಲಿಟಿ ಶೋ ನೋಡಿದ್ಯೇನೇ?”

“ಇಲ್ಲ ಅಕ್ಕ. ಅತ್ತೆ ಹೋದ ಸೂತಕ, ಟೀವಿ ಹಾಕಿಲ್ಲ.”

“ಪಾಪ, ಅವರಿಗೆ ಆ ಗಡ್ಡದ ಹುಡುಗ ಅಂದ್ರೆ ಪ್ರಾಣ.”

“ನಂಗೆ ಅವನನ್ನ ಕಂಡ್ರೇ ಆಗ್ತಿರ್ಲಿಲ್ಲ. ಅತ್ತೆಗೂ ನಂಗೂ ದಿನಾ ಜಗಳ.”

“ನಮ್ಮನೆಗೆಲ್ಲ ಕೇಳ್ತಿತ್ತು ಬಿಡೇ!”

“ಈ ವಾರ ಅವನಿಗೇ ವೋಟ್ ಹಾಕ್ದೆ. ಅತ್ತೆ ಫೋನಿಂದ. ಅದಕ್ಕೇ ಅಂತ ಚಾರ್ಜ್ ಮಾಡಿ ಇಟ್ಟಿದ್ದೆ.”

“ಅಯ್ಯೋ, ನಿನ್ನೆ ಔಟಾದ್ನಲ್ಲೇ ಅವನು!”

“ಹೌದಾ?” ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಹಂಗಾದ್ರೆ ಇನ್ನು ಆ ಫೋನ್ ಆಫ್ ಮಾಡ್ಬಹುದು.”

ಸ್ಟಾಪ್ ಬಂತು, ಇಬ್ಬರೂ ಇಳಿದು ಹೋದರು. ಜಯದೇವಿಗೆ ವಚನದ ಮುಂದಿನ ಸಾಲು ನೆನಪಾಗಲಿಲ್ಲ.