ಕೆಂಪು ಸುತ್ತು ಹಾಕಿದ ಮೊಟ್ಟೆ

...ಮುನ್ನೂರು ಜನಕ್ಕೆ ಪ್ಯಾನ್‌ಕೇಕ್ ಕಣಮ್ಮ, ಒಂದೇ ಕೈಯಲ್ಲಿ. ಇನ್ನೊಂದು ಕೈ ಕಂಬ ಹಿಡ್ಕೊಂಡಿತ್ತು, ಹಡಗು ಆಡ್ತಿದ್ದ ಆಟ ಹಂಗಿತ್ತು. ಪ್ಯಾನ್‌ಕೇಕ್ ಮೇಲಕ್ಕೆ ಎಸೆದ್ರೆ ಅದು ಕೆಳಗೆ ಬರೋ ಹೊತ್ತಿಗೆ ಬಾಣಲೆ ಆ ಮೂಲೆ ಸೇರಿರೋದು. ಓಡಿ ಹೋಗಿ ಹಿಡೀತಿದ್ದೆ. ಒಂದೂ ನೆಲ ಮುಟ್ಟಿಲ್ಲ, ಯಾರನ್ನ ಬೇಕಾದ್ರೂ ಕೇಳು. ಯಾರನ್ನ ಕೇಳ್ತೀಯ... ಕ್ಯಾಪ್ಟನ್ ಹೋದ, ನನ್ನ ಜೊತೆ ಅಡುಗೆಗಿದ್ದ ಕುಂಟ ಹೋದ, ಹಡಗನ್ನೂ ಒಡೆದು ಗುಜರಿಗೆ ಹಾಕಿದ್ರು. ಯಾಕೆ ನಗ್ತೀಯ? ಕಂಬ ಹಿಡ್ಕೊಂಡು ಹೆಂಗೆ ಓಡಿದೆ ಅಂತಾನಾ? ಓಡಿದೆ, ಅಷ್ಟೆ. ನಗು ನಗು. ಬೆಳಿಗ್ಗೆ ಬಸ್ಸಿಳಿದು ಬಂದಾಗಿಂದ ಮುಖ ಗಂಟು ಹಾಕ್ಕೊಂಡೇ ಇದ್ದೆ ಮಗಳೇ.

ಈಗ ನೋಡು, ನಿಮ್ಮಮ್ಮನ ತಿಂಡಿ. ಓಟ್ಸ್ ನುಣ್ಣಗೆ ಪುಡಿ. ಮೊಟ್ಟೆ ಮೂರು, ಹಳದಿ ಸಮೇತ. ಕಡಲೆಬೀಜದ ಪುಡಿ ಒಂದು ಹಿಡಿ, ಹಾಲಿನ ಪುಡಿ ಎರಡು ಚಮಚ, ಬಾಳೆಹಣ್ಣು ಕಿವುಚಿ ಹಾಕೋದು. ಆಮೇಲೆ ಈ ಡಬ್ಬಿ... ರಟ್ಟೆ ಉಬ್ಬಿಸ್ಕೊಂಡು ನಿಂತಿದಾನಲ್ಲ ಪೈಲ್ವಾನ್, ಅದೇ. ಪ್ರೋಟೀನ್. ಅಂಗಡಿಯವನು ಒಂದು ಚಮಚ ಸಾಕು ಅಂದ, ನಾನು ಎರಡು ಹಾಕ್ತೀನಿ. ಉರಿ ಸಣ್ಣಗಿರಬೇಕು. ಗುಳ್ಳೆ ಎದ್ದು ಒಡೆದ ಮೇಲೆ ತಿರುವಿ ಹಾಕೋದು, ಅವಸರ ಮಾಡಿದ್ರೆ ಒಳಗೆ ಹಸಿ.

ಕಿಡ್ನಿ ಸೋತಿದೆ ಅಂತ ಆಸ್ಪತ್ರೆಯಲ್ಲಿ ಮಲಗಿ ಬಂದ್ಲಲ್ಲ, ಅದರ ಮಾರನೇ ದಿನದಿಂದ ಶುರು. ಇವತ್ತಿಗೆ ಇಪ್ಪತ್ತೆರಡು ದಿನ, ಒಂದು ದಿನ ತಪ್ಪಿಸಿಲ್ಲ. ಮೊದಮೊದಲು ವಾಕರಿಕೆ, ಬೇಡ ಅಂತಿದ್ಲು. ನಾನು ಬಿಡ್ತೀನಾ? ಪಕ್ಕದಲ್ಲಿ ಕೂತು, ಕನ್ನಡಕ ಏರಿಸಿ, ಪಥ್ಯದ ಚೀಟಿ ಓದಿ ಹೇಳ್ದೆ. ಶಕ್ತಿ ಬರೋ ಪದಾರ್ಥ ತಿನ್ನಬೇಕು, ಗಂಡ ಕೊಟ್ಟಿದ್ದನ್ನ ತಟ್ಟೇಲಿ ಉಳಿಸಬಾರದು ಅಂತ ಬರ್ದಿದೆ ಅಂದೆ. ಗಂಡನ ಮಾತು ನಾನು ಸೇರಿಸಿದ್ದು, ಇರ್ಲಿ. ಪಾಪ, ಮೂಗು ಮುಚ್ಕೊಂಡು ತಿಂದ್ಲು. ಅವಳಿಗೆ ಅಕ್ಷರ ಬರಲ್ಲ ಅಂತ ನಲವತ್ತು ವರ್ಷ, ಮನೇಲಿದ್ದಾಗೆಲ್ಲ, ಪೇಪರ್ ಓದಿ ಹೇಳಿದೀನಿ. ನಾನು ಓದಿದ್ದನ್ನ ಯಾವತ್ತು ನಂಬಿಲ್ಲ ಅವಳು?

ಕಾಲಾ... ಒಂಚೂರು ಊದಿದೆ. ಹಾಸಿಗೆ ಮೇಲೇ ಇದ್ರೆ ಊದಲ್ವಾ? ತುರಿಕೆ ಸೆಕೆಗೆ. ಮುಖ ತುಂಬ್ಕೊಂಡಿದೆ, ಮೈ ಹಿಡೀತಿದಾಳೆ ಅಂತ ನಾನು ಖುಷಿಯಾಗಿದ್ದೆ.

ಚೀಟಿ ಯಾಕೀಗ? ಆ ಡಬ್ಬಿ ಕೆಳಗಿದೆ, ತಗೋ. ಆಸ್ಪತ್ರೆಯಲ್ಲಿ ಪಥ್ಯ ಹೇಳೋ ಹುಡುಗಿ ಕೊಟ್ಟಿದ್ದು. ಪ್ರೋಟೀನ್ ಪ್ರೋಟೀನ್ ಅಂತ ಹತ್ತು ಸಲ ಅಂದ್ಲು. ನಾನು ಅವಳಿಗೆ ಹಡಗಿನ ಕತೆ ಹೇಳ್ತಿದ್ದೆ, ಆದ್ರೂ ಒಂದು ಕಿವಿ ಅಲ್ಲೇ ಇತ್ತು. ಚಿತ್ರ ನೋಡು. ಮೊಟ್ಟೆ, ಹಾಲು, ಕಡಲೆಬೀಜ, ಬಾಳೆಹಣ್ಣು, ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೊಟ್ಟಿದಾಳೆ. ಹಡಗಲ್ಲೂ ಹಂಗೇ. ಉಗ್ರಾಣದವನು ಪಟ್ಟಿಯಲ್ಲಿ ಯಾವುದಕ್ಕೆ ಕೆಂಪು ಸುತ್ತು ಹಾಕಿದ್ನೋ ಅದೇ ಅವತ್ತಿನ ಅಡುಗೆ. ಕುಂಟ ಓದಿ ಹೇಳೋನು, ನಾನು ಬೇಯಿಸೋನು...

ಒಲೆ ಯಾಕೆ ಆರಿಸ್ದೆ? ಇನ್ನೊಂದು ಕಡೆ ಬೆಂದಿಲ್ಲ.

ಸುತ್ತಿನ ಕೆಳಗೆ ಎರಡು ಸಾಲು ಬರ್ದಿದೆ, ಗೊತ್ತು. ಓದು ಅಂತೀಯಾ? ನಾನಾ? ಕನ್ನಡಕ ಒಳಗಿದೆ... ನೆತ್ತಿ ಮೇಲಿದೆಯಾ? ಹೂಂ, ಇದೆ.

ಹಂಗೆ ನೋಡ್ಬೇಡ.

ಆಯ್ತು. ಬರಲ್ಲ ಕಣಮ್ಮ, ಒಂದಕ್ಷರಾನೂ ಬರಲ್ಲ. ಪೇಪರಲ್ಲಿ ಓದಿದ್ದೆಲ್ಲಾ ನಾನೇ ಕಟ್ಟಿದ್ದು. ಅವಳಿಗೆ ಕೇಳೋಕೆ ಚೆನ್ನಾಗಿರೋದು, ನನಗೆ ಹೇಳೋಕೆ. ಏನೀಗ?

ಇವನ್ನ ಕೊಡಲೇಬಾರದು ಅಂತಾನಾ ಬರ್ದಿರೋದು?

ಆ ತಟ್ಟೆ ಯಾಕೆ ನೋಡ್ತೀಯ... ಹೂಂ, ಖಾಲಿ. ನೀನು ಅಡುಗೆಮನೆಗೆ ಬರೋಕೆ ಮುಂಚೆ ಎರಡು ತಿಂದ್ಲು. ಚೆನ್ನಾಗಿದೆ, ಇನ್ನೊಂದು ಹಾಕ್ರೀ ಅಂದ್ಲು. ಇಷ್ಟು ದಿನದಲ್ಲಿ ಇವತ್ತೇ ಅವಳಾಗಿ ಕೇಳಿದ್ದು.