ಅಕ್ಕಿಯಲ್ಲಿ ಬರೆಯುವ ಹೆಸರು

ಅಧ್ಯಕ್ಷರಾದ ಶಾಂತಲಿಂಗಪ್ಪನವರೇ, ಇಂದು ನಮ್ಮ ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತರಾಗುತ್ತಿರುವ ಬಾನುಬಿಯವರೇ, ಆಳಂದದ ಸಭಿಕರೇ,

ಈ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಒಂದು ಮಾತನ್ನು ನಾನು ಹೇಳದೆ ಬಿಡುವವಳಿದ್ದೆ. ಬಾನುಬಿಯವರ ಶಿಸ್ತನ್ನು ಹೊಗಳಿ ಕೂತುಬಿಡಬಹುದಿತ್ತು. ಆದರೆ ಮುಂದಿನ ಸಾಲಿನಲ್ಲಿ ನಮ್ಮ ವಿದ್ಯಾರ್ಥಿನಿ ಸಾಬವ್ವ ಕೂತಿದ್ದಾಳೆ.

ಬಾನುಬಿ ಅರಬ್ಬಿ ಕಲಿಸುವುದು ಪದಗಳ ಬೇರಿನಿಂದ. ರ, ಹ, ಮ ಎಂದು ಮೂರು ಅಕ್ಷರ ಬರೆಯುತ್ತಾರೆ. ಅದರಿಂದ ರಹಮಾನ್, ರಹೀಮ್, ರಹಮತ್. ತಾಯಿಯ ಗರ್ಭ ಎಂಬ ಪದಕ್ಕೂ ಅದೇ ಬೇರು. "ದಯಾ ಅನ್ನೋದು ಹೊಟ್ಟಿಯಿಂದನ ಬರ್ತದ ನೋಡ್ರಿ ಬಾಯಾರ," ಎಂದು ನನಗೆ ಹೇಳಿದ್ದರು. ಇಂಗ್ಲಿಷ್ ಶಾಲೆಯಲ್ಲಿ ನಾನು ಲ್ಯಾಟಿನ್ ಬೇರುಗಳನ್ನು ಬಾಯಿಪಾಠ ಮಾಡಿದವಳು. ದಿನವೂ ಕೂಗುವ ಹೆಸರುಗಳ ಬೇರನ್ನು ಒಮ್ಮೆಯಾದರೂ ಕೇಳಿದ್ದೆನೇ?

ಸ, ಹ, ಬ ಎಂದರೆ ಜೊತೆಗಿರುವುದು. ಪೈಗಂಬರರ ಸಂಗಾತಿಗಳು ಸಹಾಬಾ. ಸಾಹೇಬನೂ ಅಲ್ಲಿಂದಲೇ ಬಂದವನು, ನಮ್ಮ ಬಾಯಲ್ಲಿ ಸಾಬ. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಕೂಸಿಗೆ ಸಾಬಣ್ಣ, ಸಾಬವ್ವ ಎಂದಿಡುವುದು ನಮ್ಮ ಹಿಂದೂ ಮನೆಗಳಲ್ಲೂ ವಾಡಿಕೆ.

ಈಗ ಯಡ್ರಾಮಿಯ ದತ್ತಪ್ಪನವರು ಸಾಬವ್ವನನ್ನು ಸೊಸೆ ಮಾಡಿಕೊಳ್ಳಲು ಬಂದಿದ್ದಾರೆ. ಮದುವೆಯಲ್ಲಿ ಸೊಸೆಗೆ ಇಡುವ ಹೊಸ ಹೆಸರಾಗಿ ತಟ್ಟೆಯ ಅಕ್ಕಿಯ ಮೇಲೆ ಗೌರಾಬಾಯಿ ಎಂದು ಬರೆಯಬೇಕು, ಶಾಲೆಯ ದಾಖಲೆಯಲ್ಲೂ ಹಾಗೆಯೇ ತಿದ್ದಬೇಕು, ಇಲ್ಲವಾದರೆ ಸಂಬಂಧ ಬೇಡ ಎಂದರು. ಬಾನುಬಿ ಅವರಿಗೂ ಬೇರು ವಿವರಿಸಿದರು. ದತ್ತಪ್ಪ ತಲೆದೂಗಿದರು: "ಅರ್ಥ ಚಲೋ ಅದರಿ. ಹೆಸರು ಬ್ಯಾಡ."

ನೀವು ನಗುತ್ತೀರಿ, ನಾನೂ ನಕ್ಕೆ. ಹುಡುಗಿಯ ಅಜ್ಜಿ ಮರೆಮ್ಮ ನಗಲಿಲ್ಲ. "ದರ್ಗಾದಾಗ ಸೆರಗೊಡ್ಡಿ ಬೇಡಿ ತಂದ ಕೂಸರಿ. ಕೊಟ್ಟವರ ಹೆಸರ ಅಳಸಂದ್ರ ಹ್ಯಾಂಗರಿ?"

ಅಫಜಲಪುರದಲ್ಲಿ ನನ್ನ ಮದುವೆಯಾದಾಗಲೂ ಅಕ್ಕಿಯ ಮೇಲೆ ಉಂಗುರದಿಂದ ಬರೆದರು. ನೀವು ಬಲ್ಲ ಈ ಸುಂದರಬಾಯಿ ಆ ಅಕ್ಕಿಯವಳು. ಹಳೆಯ ಹೆಸರಿನಿಂದ ಕರೆಯುತ್ತಿದ್ದವಳು ನನ್ನ ಅವ್ವ ಒಬ್ಬಳೇ. ಅವಳು ಹೋದ ಮೇಲೆ ಆ ಹೆಸರಿಗೆ ಓಗೊಡುವ ಸಂದರ್ಭ ಬಂದಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ತಿದ್ದದಿದ್ದರೆ ಸಂಬಂಧ ಮುರಿಯಬಹುದು. ಮುರಿಯಲು ನಾನು ಯಾರು? ಸಾಬವ್ವನನ್ನೇ ಕೇಳಿದೆ.

"ಅಕ್ಕಿ ಮ್ಯಾಲ ಏನರ ಬರಕೊಳ್ಳಲ್ರಿ ಬಾಯಾರ, ಅನ್ನ ಮಾಡಿ ಉಣ್ತೇನಿ. ಸಾಬವ್ವ ಅಂದ್ರ ಅಷ್ಟ ಓ ಅಂತೇನಿ. ಹಂಗಂತ ಬರದು ಕಳಸ್ರಿ."

ಬಾನುಬಿಯವರೇ, ನೀವು ಕಲಿಸಿದ ಪಾಠಕ್ಕೆ ನಾನು ಕೊಡಬಲ್ಲ ಕಾಣಿಕೆ ಇಷ್ಟೇ. ಶಾಲೆಯ ದಾಖಲೆಯಲ್ಲಿ ಹೆಸರು ತಿದ್ದಿಲ್ಲ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರ. ಯಡ್ರಾಮಿಗೆ ಉತ್ತರವನ್ನು, ಹುಡುಗಿಯ ಮಾತಿನಲ್ಲೇ, ನಾಳೆ ಸೋಮವಾರ, ೧೯೪೧ರ ಮಾರ್ಚ್ ಹದಿನೇಳರಂದು ಅಂಚೆಗೆ ಹಾಕುತ್ತೇನೆ.